ಬೆಲ್ಲನ ಜೊತೆ ಬೆಟ್ಟ ಹತ್ತಿದ್ದು

(ಅಮೆರಿಕದ ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರ ಬೇಸಿಗೆ ಕೂಟವೊಂದರಲ್ಲಿ ಆಡಿದ ಮಾತು. ಬರೆದುಕೊಡಿ ಎಂದು ಕೆಲವರು ಕೇಳಿದ್ದರಿಂದ ಬರಹಕ್ಕೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ನಾಯಿ ಇದೆ? ಪರವಾಗಿಲ್ಲ, ತುಂಬಾ ಕೈ ಮೇಲೆ ಬಂದವು. ಅದರಲ್ಲಿ ನಾಯಿಯನ್ನು ಕರಕೊಂಡು ಬೆಟ್ಟ ಹತ್ತಿದವರು? ಅದೂ ಕಡಿಮೆ ಇಲ್ಲ. ಹಾಗಿದ್ದರೆ ಇವತ್ತಿನ ಮಾತು ನಿಮಗಾಗಿಯೇ.

ನಮ್ಮ ನಾಯಿಯ ಹೆಸರು ಬೆಲ್ಲ. ಅನಾಥ ನಾಯಿಗಳ ಶೆಲ್ಟರ್‌ನಿಂದ ತಂದಾಗ ಅವಳಿಗೆ ಎರಡು ವರ್ಷ. ಮೈ ಥೇಟ್ ಅಚ್ಚುಬೆಲ್ಲದ ಬಣ್ಣ, ಹಾಗಾಗಿ ಆ ಹೆಸರು. ಅಕ್ಕಪಕ್ಕದ ಅಮೆರಿಕನ್ನರಿಗೂ ಕರೆಯೋಕೆ ಕಷ್ಟವಾಗಲಿಲ್ಲ, ಅವರ ಬಾಯಲ್ಲಿ ಅವಳು ಬೆಲ್ಲಾ. ಲ್ಯಾಬ್ರಡಾರ್ ಜೊತೆ ಇನ್ಯಾವುದೋ ಬೆರಕೆ. ತೂಕ 22 ಕೆಜಿ. ಈ 22 ಕೆಜಿ ಎಂದರೆ ಎಷ್ಟು ಅಂತ ನನಗೆ ನಿಜವಾಗಿ ಗೊತ್ತಾಗಿದ್ದು ಮೌಂಟ್ ಸೈ ಬೆಟ್ಟದ ಮೇಲೆ.

ಮೌಂಟ್ ಸೈ ಇಲ್ಲಿ ಎಲ್ಲರೂ ನೋಡಿದ ಬೆಟ್ಟವೇ. ಐ-90 ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋಗುತ್ತಾ ಇದ್ದರೆ ನಾರ್ತ್ ಬೆಂಡ್ ಹತ್ತಿರ ಎಡಗಡೆ ಗೋಡೆ ಎಬ್ಬಿಸಿದ ಹಾಗೆ ನಿಂತಿರುತ್ತದಲ್ಲ, ಅದೇ. 1862ರಲ್ಲಿ ಜೊಸಾಯಾ ಮೆರಿಟ್ ಎಂಬಾತ ಅದರ ಬುಡದಲ್ಲಿ ಗುಡಿಸಲು ಹಾಕಿಕೊಂಡು ಇದ್ದನಂತೆ. ಜನ ಅವನನ್ನು ಸೈ ಮಾಮ ಎನ್ನುತ್ತಿದ್ದರು. ಬೆಟ್ಟಕ್ಕೂ ಅದೇ ಹೆಸರು ಬಂತು. ಆದರೆ ಅದಕ್ಕೂ ಎಷ್ಟೋ ಹಿಂದಿನಿಂದ ಈ ಕಣಿವೆಯಲ್ಲಿ ಬಾಳಿದ ಸ್ನೋಕ್ವಾಲ್ಮಿ ಜನರಿಗೆ ಅದು ಚಂದ್ರನ ಮೈ. ಆಕಾಶದ ಒಡೆಯನಾಗಿದ್ದ ಚಂದ್ರ ತನ್ನಲ್ಲಿ ಕದ್ದವರನ್ನು ಅಟ್ಟಿಸಿಕೊಂಡು ಹಗ್ಗ ಹಿಡಿದು ಇಳಿದ, ಹಗ್ಗ ಹರಿಯಿತು, ಬಿದ್ದವನು ಬೆಟ್ಟವಾದ ಎಂದು ಅವರ ಕತೆ. ಕೆಳಗಿನಿಂದ ನೋಡಿದರೆ ಬಂಡೆಯಲ್ಲಿ ಅವನ ಮುಖ ಕಾಣುತ್ತದೆ ಎನ್ನುತ್ತಾರೆ. ಈ ಕತೆ ಕೇಳಿದ ಮೇಲೆ ನನಗೆ ಆ ಬೆಟ್ಟ ಬರೀ ವ್ಯಾಯಾಮದ ಜಾಗವಾಗಿ ಕಾಣುವುದು ನಿಂತುಹೋಯಿತು.

ಬುಡದ ಪಾರ್ಕಿಂಗ್‌ನಿಂದ ಮೇಲಿನ ಬಂಡೆರಾಶಿಯವರೆಗೆ ದಾರಿ 4 ಮೈಲಿ, ಅಂದರೆ ಹೆಚ್ಚುಕಮ್ಮಿ ಆರೂವರೆ ಕಿಲೋಮೀಟರ್. ಏರು 3,150 ಅಡಿ. ಊರಿನ ಲೆಕ್ಕದಲ್ಲಿ ಹೇಳಬೇಕೆಂದರೆ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಒಂದೇ ಬೆಳಿಗ್ಗೆ ಮೂರು ಸಲವಾದರೂ ಹತ್ತಿದ ಹಾಗೆ. ಲೀಶ್, ಅಂದರೆ ಕೊರಳಿಗೆ ಕಟ್ಟಿ ಹಿಡಿಯುವ ಹಗ್ಗ, ಹಾಕಿದ್ದರೆ ನಾಯಿಗೂ ಪ್ರವೇಶ ಇದೆ. ದಾರಿಯ ಬಹುಪಾಲು ದಟ್ಟ ನೆರಳು. ಡಗ್ಲಸ್ ಫರ್ ಮರಗಳು, ಕಾಲ ಬುಡದಲ್ಲಿ ಜರಿಗಿಡ, ಕಲ್ಲಿನ ಮೇಲೆಲ್ಲ ಪಾಚಿ. ಮಲೆನಾಡಿನಲ್ಲಿ ಬೆಳೆದ ನನಗೆ ಮೊದಲ ಸಲ ಒಳಗೆ ಕಾಲಿಟ್ಟಾಗ ಮನೆಗೆ ಬಂದ ಹಾಗಾಗಿತ್ತು. ನಾನು ಮೋಸ ಹೋಗಿದ್ದು ಆ ನೆರಳಿಗೇ.

ಅದು ಜುಲೈ ತಿಂಗಳ ಒಂದು ಶನಿವಾರ. ಬೆಲ್ಲ ಬಂದು ಒಂದು ವರ್ಷ ಆಗಿತ್ತು. ನಿಧಾನಕ್ಕೆ ಎದ್ದೆವು, ದೋಸೆ ತಿಂದೆವು, ಬೆಟ್ಟದ ಬುಡ ಮುಟ್ಟುವಾಗ ಹನ್ನೊಂದು ಗಂಟೆ. ಕೆಳಗೆ ಊರಲ್ಲಿ 85 ಡಿಗ್ರಿ ಎಂದು ಫೋನು ತೋರಿಸುತ್ತಿತ್ತು. ಸೆಲ್ಸಿಯಸ್‌ನಲ್ಲಿ 29. ನಮ್ಮೂರಿನ ಏಪ್ರಿಲ್ ಮುಂದೆ ಇದೇನು ಬಿಸಿಲು ಎಂದುಕೊಂಡೆ. ನನ್ನ ಹತ್ತಿರ ಎರಡು ಲೀಟರ್ ನೀರಿತ್ತು. ಬೆಲ್ಲನಿಗೆ ಅಂತ ಬೇರೆ ತಂದಿರಲಿಲ್ಲ. ದಾರಿಯಲ್ಲಿ ತೊರೆ ಸಿಗುತ್ತದೆ ಎಂದು ಅಂದಾಜು. ಬೇಸಿಗೆಯಲ್ಲಿ ಕೆಳಗಿನ ಭಾಗ ದಾಟಿದ ಮೇಲೆ ಆ ಬೆಟ್ಟದಲ್ಲಿ ನಾಯಿ ಕುಡಿಯುವಷ್ಟು ನೀರು ಸಿಗುವುದೇ ಅಪರೂಪ.

ಅರ್ಧ ದಾರಿಗೆ ಸ್ವಲ್ಪ ಮುಂಚೆ ಸ್ನ್ಯಾಗ್ ಫ್ಲ್ಯಾಟ್ ಎಂಬ ಸಮತಟ್ಟು ಜಾಗ ಬರುತ್ತದೆ. ಅಲ್ಲಿಯವರೆಗೆ ಬೆಲ್ಲ ನನ್ನನ್ನೇ ಎಳೆದುಕೊಂಡು ಹೋಗುತ್ತಿದ್ದಳು. ಅದಾದ ಮೇಲೆ ಪಕ್ಕಕ್ಕೆ ಬಂದಳು. ಆಮೇಲೆ ಹಿಂದೆ. ಲೀಶ್ ಸ್ವಲ್ಪ ಬಿಗಿಯಾದಾಗಲೆಲ್ಲ ನಾನು "ಬಾ ಬಾ, ಇನ್ನೇನು ಬಂತು" ಎಂದು ಜಗ್ಗುತ್ತಿದ್ದೆ. ಅವಳು ಬಂದಳು. ಅಷ್ಟೇ ನನಗೆ ಸಾಕಾಯಿತು. ತಿರುಗಿ ಮುಖ ನೋಡಲಿಲ್ಲ.

ಮೂರು ಮೈಲಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಲೀಶ್ ಪೂರ್ತಿ ಬಿಗಿಯಾಯಿತು. ತಿರುಗಿದರೆ ಬೆಲ್ಲ ಹೊಟ್ಟೆಯನ್ನು ಮಣ್ಣಿಗೆ ಒತ್ತಿ ಮಲಗಿದ್ದಳು. ನಾಲಿಗೆ ಅಗಲವಾಗಿ, ತುದಿ ಚಮಚದ ಹಾಗೆ ಮೇಲಕ್ಕೆ ಬಾಗಿ ಜೋತಿತ್ತು. ಜೊಲ್ಲು ದಪ್ಪಗೆ, ಅಂಟಂಟು. ವಸಡು ಕೆಂಪಗೆ ಉರಿಯುತ್ತಿತ್ತು. ಹೆಸರು ಕರೆದರೆ ಕಣ್ಣು ಈಕಡೆ ಬಂತು, ತಲೆ ಬರಲಿಲ್ಲ.

ಕೆಳಗೆ ಇಳಿಯುತ್ತಿದ್ದ ಹಿರಿಯ ಹೆಂಗಸೊಬ್ಬರು ನಿಂತರು. ಹೆಚ್ಚು ಮಾತಿಲ್ಲ. ತಮ್ಮ ನೀರಿನ ಚೀಲ ಬಿಚ್ಚಿ ಬೆಲ್ಲನ ಹೊಟ್ಟೆ, ತೊಡೆಸಂದಿ, ಕಂಕುಳು, ಪಾದಕ್ಕೆಲ್ಲ ಸುರಿದರು. ಟೋಪಿ ತೆಗೆದು ನನ್ನ ಕೈಗೆ ಕೊಟ್ಟು ಗಾಳಿ ಬೀಸು ಎಂದರು. ನಾನು ಒದ್ದೆ ಟವೆಲ್ ಹೊದಿಸಲು ಹೋದರೆ ತಡೆದರು. ಒದ್ದೆ ಬಟ್ಟೆ ಮೈಮೇಲೆ ಹಾಗೇ ಉಳಿದರೆ ಶಾಖ ಹೊರಗೆ ಹೋಗೋದಿಲ್ಲ, ಕಂಬಳಿ ಹೊದ್ದ ಹಾಗಾಗುತ್ತದೆ. ನೀರು ಹಾಕು, ಗಾಳಿ ಬೀಸು, ಮತ್ತೆ ನೀರು ಹಾಕು. ಕುಡಿಯೋಕೆ ಸ್ವಲ್ಪ ಸ್ವಲ್ಪವೇ ಕೊಡು. ಒಂದು ಗಂಟೆ ಅಲ್ಲೇ ಕೂತೆವು. ಅವರ ಹೆಸರು ಕೇಳುವುದು ಆ ಗಾಬರಿಯಲ್ಲಿ ಮರೆತೇಹೋಯಿತು. ಅದರ ಬೇಸರ ನನಗೆ ಇವತ್ತಿಗೂ ಇದೆ.

ಬೆಲ್ಲ ಎದ್ದಳು. ಇಳಿಯುವಾಗ ಕಡಿದಾದ ಕಡೆಯೆಲ್ಲ ಎತ್ತಿಕೊಂಡೆ. 22 ಕೆಜಿ ಅಕ್ಕಿ ಮೂಟೆ ಹೊರುವುದು ಬೇರೆ. ಎದೆಗೆ ಎದೆ ತಾಗಿಸಿಕೊಂಡು ಏದುಸಿರು ಬಿಡುವ ಜೀವವನ್ನು ಹೊರುವುದು ಬೇರೆ. ಅವತ್ತೇ ಪಶುವೈದ್ಯರ ಹತ್ತಿರ ಓಡಿದೆ. ರಕ್ತ ಪರೀಕ್ಷೆ ಮಾಡಿದರು, ಮಾರನೇ ದಿನ ಮತ್ತೆ ಮಾಡಿದರು. ಮೇಲ್ನೋಟಕ್ಕೆ ಸುಧಾರಿಸಿಕೊಂಡ ನಾಯಿಗೂ ಒಂದೆರಡು ದಿನದಲ್ಲಿ ಮೂತ್ರಪಿಂಡ ಕೈಕೊಡಬಹುದು, ರಕ್ತ ಹೆಪ್ಪುಗಟ್ಟುವುದರಲ್ಲಿ ತೊಂದರೆ ಬರಬಹುದು ಎಂದು ತಿಳಿದಿದ್ದು ಆಗಲೇ. ನಮ್ಮ ಪುಣ್ಯ, ಬೆಲ್ಲನಿಗೆ ಏನೂ ಆಗಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ನೆರಳಿತ್ತಲ್ಲ, ಯಾಕೆ ಹೀಗಾಯಿತು?

ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಬೆವರು ಬರುವುದು ಮುಖ್ಯವಾಗಿ ಅಂಗಾಲಿನಲ್ಲಿ, ಅದರಿಂದ ಮೈ ತಂಪಾಗುವುದು ತೀರಾ ಕಡಿಮೆ. ಅವಕ್ಕೆ ಇರುವ ದೊಡ್ಡ ದಾರಿ ತೇಕುವುದು. ನಾಲಿಗೆ, ಬಾಯಿ, ಮೂಗಿನ ಒಳಗಿನ ತೇವ ಆರುತ್ತಾ ಆರುತ್ತಾ ರಕ್ತ ತಂಪಾಗಬೇಕು. ಆರೋಗ್ಯವಾಗಿರುವ ನಾಯಿಯ ಮೈಶಾಖವೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಅಪಾಯ. ನಡುವೆ ಎಷ್ಟು ಸಣ್ಣ ಅಂತರ ನೋಡಿ. ಬೆಟ್ಟ ಹತ್ತುವಾಗ ಆ ಶಾಖ ಹುಟ್ಟುವುದು ಬಿಸಿಲಿನಿಂದ ಮಾತ್ರ ಅಲ್ಲ, ದುಡಿಯುವ ಸ್ನಾಯುಗಳಿಂದ. ಅದಕ್ಕೇ ನೆರಳು ಇದ್ದರೂ ಸಾಲದು. ಬೇಸಿಗೆಯಲ್ಲಿ ನಾಯಿಯನ್ನು ಕಾರಿನಲ್ಲಿ ಬಿಡಬಾರದು ಎಂದು ನಮಗೆಲ್ಲ ಗೊತ್ತು, ಬಿಡಲೂಬಾರದು. ಆದರೆ 2020ರಲ್ಲಿ ಬ್ರಿಟನ್‌ನಲ್ಲಿ ನಡೆದ ಒಂದು ಅಧ್ಯಯನದಲ್ಲಿ ಶಾಖದಿಂದ ಕಾಯಿಲೆ ಬಿದ್ದ ನಾಯಿಗಳ ಪೈಕಿ ಸುಮಾರು ಮುಕ್ಕಾಲು ಪಾಲು ಹಾಗಾಗಿದ್ದು ನಡೆದು, ಓಡಿ, ಆಡಿ. ನಾವು ಪ್ರೀತಿಯಿಂದ ಹೊರಗೆ ಕರಕೊಂಡು ಹೋದಾಗ. ಈ ಮಾತು ನನ್ನನ್ನು ತುಂಬಾ ಕಾಡಿತು.

ಇನ್ನೊಂದು ವಿಷಯ, ಇಲ್ಲಿಯವರೇ ಮರೆಯುವಂಥದ್ದು. ಸಿಯಾಟಲ್ ಬೇಸಿಗೆಯಲ್ಲಿ ಜಾಸ್ತಿ ಸೆಖೆ ಇರುವುದು ಮಟಮಟ ಮಧ್ಯಾಹ್ನ ಅಲ್ಲ. ನಾಲ್ಕರಿಂದ ಆರರವರೆಗೆ. ಹನ್ನೊಂದಕ್ಕೆ ಹೊರಟವನು ಮೇಲೆ ಹೋಗಿ ಇಳಿಯುವ ಹೊತ್ತಿಗೆ ಸರಿಯಾಗಿ ಆ ಸೆಖೆಯ ಬಾಯಿಗೇ ಬರುತ್ತಾನೆ.

ಅದೇ ಸಮಯಕ್ಕೆ ಅಮ್ಮ ಊರಿಂದ ಬಂದಿದ್ದರು. ನಿಮಗೂ ಗೊತ್ತಲ್ಲ, ಅಪ್ಪ ಅಮ್ಮ ಇಲ್ಲಿಗೆ ಬರುವುದೇ ಬೇಸಿಗೆಯಲ್ಲಿ. ನಾಯಿ ಮನೆಯೊಳಗೆ, ಅದೂ ಸೋಫಾದ ಮೇಲೆ ಎಂದು ಮೊದಲ ವಾರ ಮುಖ ಗಂಟು ಹಾಕಿಕೊಂಡಿದ್ದರು. ಎರಡನೇ ವಾರಕ್ಕೆ "ಬೆಲ್ಲಾ, ಬಾ ಮಗಾ" ಎಂದು ಮೊಸರನ್ನ ಕಲಸಿ ಇಡುತ್ತಿದ್ದರು. ಬೆಟ್ಟದಲ್ಲಿ ಆಗಿದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ನಮ್ಮನೆ ಕರಿಯ ನಿನ್ನಪ್ಪನ ಹಿಂದೆ ದಿನಾ ತೋಟಕ್ಕೆ ಹೋಗ್ತಿತ್ತು. ಗುಡ್ಡಕ್ಕೂ ಹೋಗ್ತಿತ್ತು. ಅದಕ್ಕೆ ಯಾವತ್ತಾದ್ರೂ ಹೀಗಾಗಿತ್ತೇನೋ?"

"ಇಲ್ಲ ಅಮ್ಮ."

"ಅದನ್ನ ನಾವು ಕಟ್ಟಿರ್ಲಿಲ್ಲ ಕಣೋ. ಸಾಕಾದ್ರೆ ಅಡಿಕೆ ಮರದ ಬುಡದಲ್ಲಿ ಮಲಗ್ತಿತ್ತು. ಸೆಖೆ ಆದ್ರೆ ಕಾಲುವೆಗೆ ಇಳೀತಿತ್ತು. ಬೇಡ ಅನ್ನಿಸಿದ್ರೆ ಅರ್ಧ ದಾರಿಗೇ ವಾಪಸ್ ಬರ್ತಿತ್ತು."

ಅಲ್ಲಿಗೆ ನನಗೆ ಎಲ್ಲ ಗೊತ್ತಾಯಿತು. ನಾನು ಇವತ್ತು ನಿಮಗೆ ಹೇಳೋಕೆ ಬಂದ ಮಾತೂ ಅದೇ. ಕರಿಯನಿಗೆ ತನ್ನ ತೀರ್ಮಾನ ತನ್ನ ಹತ್ತಿರವೇ ಇತ್ತು. ಬೆಲ್ಲನ ಕೊರಳಿಗೆ ಲೀಶ್ ಹಾಕಿದ ದಿನ ಅವಳ ತೀರ್ಮಾನವನ್ನು ನಾನು ಇಸಕೊಂಡೆ. ಲೀಶ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಬೆಟ್ಟದಲ್ಲಿ ಪ್ರಪಾತ ಇದೆ, ಕಾಡುಪ್ರಾಣಿ ಇವೆ, ನಾಯಿ ಕಂಡರೆ ಹೆದರುವ ಮಕ್ಕಳು ಬರುತ್ತಾರೆ. ಆದರೆ ಇಸಕೊಂಡ ಮೇಲೆ ನಿಲ್ಲುವುದು, ಕೂರುವುದು, ನೀರು ಕುಡಿಯುವುದು, ತಿರುಗಿ ಹೋಗುವುದು ಎಲ್ಲವನ್ನೂ ಅವಳ ಪರವಾಗಿ ನಾನೇ ಯೋಚಿಸಬೇಕು. ಅವಳಾಗಿ ಬೇಡ ಎನ್ನುವುದಿಲ್ಲ. ನಾವು ಹೋದಷ್ಟು ದೂರವೂ ಬರುತ್ತಾಳೆ. ಬಿದ್ದ ಮೇಲೆಯೇ ನಿಲ್ಲುವುದು.

ಅಮ್ಮ ಧರ್ಮರಾಯನ ಕತೆಯನ್ನೂ ನೆನಪಿಸಿದರು. ಹಿಮಾಲಯ ಹತ್ತುವಾಗ ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು, ಅವನು ತಿರುಗಿ ನೋಡದೆ ನಡೆದ, ಕೊನೆಯವರೆಗೂ ಹಿಂದೆ ಬಂದಿದ್ದು ನಾಯಿ. ಚಿಕ್ಕಂದಿನಿಂದ ಕೇಳಿದ ಕತೆ. ಈ ಸಲ ಕೇಳುವಾಗ ನನ್ನ ಕಿವಿ ನಿಂತಿದ್ದು "ತಿರುಗಿ ನೋಡದೆ" ಎಂಬ ಮಾತಿನ ಮೇಲೆ.

ಮುಂದಿನ ವರ್ಷ ಆಗಸ್ಟ್‌ನಲ್ಲಿ ಮತ್ತೆ ಹೋದೆವು. ಅದಕ್ಕೆ ಮುಂಚೆ ಮೂರು ತಿಂಗಳು ಸಣ್ಣ ಸಣ್ಣ ಗುಡ್ಡ ಹತ್ತಿಸಿ ರೂಢಿ ಮಾಡಿಸಿದೆ. ಸೆಖೆಗೂ ರೂಢಿ ಬೇಕು, ಏರಿಗೂ ಬೇಕು. ಅಂಗಾಲು ಗಟ್ಟಿಯಾಗುವುದಕ್ಕೂ ಸಮಯ ಬೇಕು. ಹಿಂದಿನ ಸಂಜೆ ಕಾಡ್ಗಿಚ್ಚಿನ ಹೊಗೆ ಇದೆಯಾ ಎಂದು ನೋಡಿಕೊಂಡೆ. ಆಗಸ್ಟ್ ಎಂದರೆ ಇಲ್ಲಿ ಅದೂ ಒಂದು ಚಿಂತೆ, ಹೊಗೆ ಇದ್ದರೆ ತೇಕುವ ನಾಯಿಗೆ ನಮಗಿಂತ ಕಷ್ಟ.

ಐದೂವರೆಗೆ ಪಾರ್ಕಿಂಗ್‌ನಲ್ಲಿದ್ದೆವು. ಹೆಚ್ಚು ಕಾರು ಇರಲಿಲ್ಲ. ಬೆಳಕು ಇನ್ನೂ ಬೂದಿ ಬಣ್ಣ. ಬೆಲ್ಲನಿಗೆ ಅಂತಲೇ ಎರಡು ಲೀಟರ್ ನೀರು, ಮಡಚುವ ಬಟ್ಟಲು, ಕಾಲಿಗೆ ಹಾಕುವ ಎರಡು ಬೂಟು, ಬ್ಯಾಂಡೇಜ್, ಕೆರೆದುಕೊಂಡರೆ ಉಣ್ಣೆಹುಳ ತೆಗೆಯೋಕೆ ಒಂದು ಚಿಮಟ. ಬೆನ್ನಿಗೆ ಹಾಕಿಕೊಂಡು ನಾಯಿಯನ್ನು ಹೊರುವ ಪಟ್ಟಿಯೂ ಇತ್ತು. ಅದನ್ನು ಒಮ್ಮೆಯೂ ಬಳಸಿಲ್ಲ, ಒಮ್ಮೆಯೂ ಬಿಟ್ಟು ಹೋಗಿಲ್ಲ.

ಇಪ್ಪತ್ತು ನಿಮಿಷಕ್ಕೊಮ್ಮೆ ನಿಂತೆವು, ಅವಳಿಗೆ ಬೇಕಿರಲಿ ಬೇಡವಾಗಿರಲಿ. ಸ್ನ್ಯಾಗ್ ಫ್ಲ್ಯಾಟ್‌ನಲ್ಲಿ ಬೆಂಚಿನ ಮೇಲೆ ಕೂತು ಮೊದಲ ಸಲ ಆ ಜಾಗವನ್ನು ಕಣ್ಣಾರೆ ನೋಡಿದೆ. 1910ರ ಬೆಂಕಿಯಲ್ಲಿ ಈ ಬೆಟ್ಟದ ಕಾಡು ಬಹಳಷ್ಟು ಸುಟ್ಟಿತಂತೆ. ಅದರಲ್ಲಿ ಉಳಿದ ಹಳೇ ಡಗ್ಲಸ್ ಫರ್ ಮರಗಳು ಅಲ್ಲಿ ನಿಂತಿವೆ. ಬುಡದ ತೊಗಟೆ ಇನ್ನೂ ಕಪ್ಪು, ಕೈಯಿಟ್ಟರೆ ಮಸಿ ಅಂಟುತ್ತದೇನೋ ಎನ್ನುವಷ್ಟು. ದಪ್ಪ ತೊಗಟೆಯೇ ಅವನ್ನು ಉಳಿಸಿದ್ದು. ಬೆಲ್ಲ ಒಂದು ಮರದ ಬುಡವನ್ನು ಐದು ನಿಮಿಷ ಮೂಸಿದಳು. ಹೋದ ವರ್ಷ ಇದೇ ಜಾಗದಲ್ಲಿ ನಾನು ಅವಳನ್ನು ಜಗ್ಗಿಕೊಂಡು ಹೋಗಿದ್ದೆ. ಈ ಸಲ ಅವಳಾಗಿ ತಲೆ ಎತ್ತುವವರೆಗೆ ಕಾದೆ. ನಾವು ಬೆಟ್ಟಕ್ಕೆ ಹೋಗುವುದು ನೋಡೋಕೆ. ಅವಳು ಬರುವುದು ಮೂಸೋಕೆ. ಅದನ್ನೂ ತಪ್ಪಿಸಿದರೆ ಅವಳಿಗೆ ಉಳಿಯುವುದು ಬರೀ ಏರು ಅಲ್ವಾ?

ಮೇಲೆ ಮರಗಳು ಮುಗಿದು ಬಂಡೆರಾಶಿ ಶುರುವಾಗುವಾಗ ಎಂಟೂಮುಕ್ಕಾಲು. ಕಣಿವೆಯಲ್ಲಿ ಇನ್ನೂ ಮಂಜು ತುಂಬಿತ್ತು. ಅದು ನಿಧಾನಕ್ಕೆ ಹರಿದಾಗ ಮೊದಲು ಸ್ನೋಕ್ವಾಲ್ಮಿ ನದಿ, ಆಮೇಲೆ ನಾರ್ತ್ ಬೆಂಡ್ ಊರಿನ ಮನೆಗಳು, ದಾರದ ಎಳೆಯಂಥ ಹೆದ್ದಾರಿ. ದಕ್ಷಿಣಕ್ಕೆ ಮೌಂಟ್ ರೇನಿಯರ್, ಹಿಮ ಹೊತ್ತು, ಯಾವುದಕ್ಕೂ ಅಂಟಿಕೊಳ್ಳದೆ ಒಂದೇ ನಿಂತಿತ್ತು. ಬೆಲ್ಲ ಆ ಕಡೆ ನೋಡಲಿಲ್ಲ. ಮೂಗೆತ್ತಿ ಕಣ್ಣು ಅರ್ಧ ಮುಚ್ಚಿ ಕೆಳಗಿನಿಂದ ಬರುವ ಗಾಳಿಯನ್ನು ಓದುತ್ತಿದ್ದಳು.

ಮೇಲಿನ ಹೇಸ್ಟ್ಯಾಕ್ ಎಂಬ ಕೋಡುಗಲ್ಲೇ ನಿಜವಾದ ತುದಿ, 4,167 ಅಡಿ. ಅದನ್ನು ಕೈಕಾಲು ಊರಿ ಹತ್ತಬೇಕು. ಜಾರಿದರೆ ಉಳಿಯುವುದಿಲ್ಲ. ನಾಯಿಯನ್ನು ಅಲ್ಲಿಗೆ ಹತ್ತಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಹತ್ತಿದ ನಾಯಿಗೆ ಇಳಿಯೋಕೆ ಬರುವುದಿಲ್ಲ. ಈ ರಾಜ್ಯದಲ್ಲಿ ವಾಷಿಂಗ್ಟನ್ ಸ್ಟೇಟ್ ಅನಿಮಲ್ ರೆಸ್ಪಾನ್ಸ್ ಟೀಮ್ ಎಂಬ ಸ್ವಯಂಸೇವಕರ ತಂಡವೊಂದಿದೆ. ಬೆಟ್ಟದಲ್ಲಿ ನಡೆಯಲಾರದೆ ಬಿದ್ದ ನಾಯಿಗಳನ್ನು ಸ್ಟ್ರೆಚರ್ ಮೇಲೆ ಹೊತ್ತು ತರುತ್ತಾರೆ, ರಾತ್ರಿಯೂ ಹೋಗುತ್ತಾರೆ. ಅವರ ಬಗ್ಗೆ ನನಗೆ ತುಂಬಾ ಗೌರವ.

ಆ ಕೋಡುಗಲ್ಲಿನ ಬುಡದಲ್ಲಿ ಬಿಳಿ ಕಾಡುಮೇಕೆ ಒಂದು ನಿಂತಿತ್ತು. ಇಲ್ಲಿ ಆಗಾಗ ಕಾಣುತ್ತವೆ. ಉಪ್ಪಿನಾಸೆಗೆ ಜನರ ಹತ್ತಿರವೂ ಬರುತ್ತವೆ, ಕೊಂಬು ಚೂಪು. ಬೆಲ್ಲನ ಮೈ ಬಿಗಿಯಾಯಿತು, ಕುತ್ತಿಗೆಯ ಕೂದಲು ಎದ್ದಿತು. ಲೀಶ್ ಗಿಡ್ಡ ಮಾಡಿಕೊಂಡು ಹಿಂದೆ ಸರಿದೆವು. ಮೇಕೆ ಒಮ್ಮೆ ನೋಡಿ, ನಾವು ಕಾಲಿಡಲಾರದ ಕಡೆ ಆರಾಮಾಗಿ ಇಳಿದುಹೋಯಿತು.

ಒಂಬತ್ತೂಕಾಲಿಗೆ ಇಳಿಯೋಕೆ ಶುರು ಮಾಡಿದೆವು. ಬಂಡೆ ಆಗಲೇ ಕಾಯತೊಡಗಿತ್ತು. ಅಂಗೈಯ ಹಿಂಭಾಗವನ್ನು ಕಲ್ಲಿನ ಮೇಲೆ ಏಳು ಸೆಕೆಂಡು ಇಟ್ಟು ನೋಡುವುದು ನನ್ನ ಅಭ್ಯಾಸ. ನಮಗೆ ತಡೆಯಲಾಗದಿದ್ದರೆ ನಾಯಿಯ ಅಂಗಾಲಿಗೂ ಆಗದು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅದರಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಮೌಂಟ್ ರೇನಿಯರ್‌ಗೆ ಕರಕೊಂಡು ಹೋಗಬಹುದಾ ಎಂದು ಒಬ್ಬರು ಕೇಳಿದರು. ಇಲ್ಲ. ಆ ರಾಷ್ಟ್ರೀಯ ಉದ್ಯಾನದ ಕಾಲುದಾರಿಗಳಲ್ಲಿ ನಾಯಿಗೆ ಪ್ರವೇಶ ಇಲ್ಲ. ಎನ್‌ಚಾಂಟ್‌ಮೆಂಟ್ಸ್ ಎಂಬ ಸರೋವರಗಳ ಬೆಟ್ಟಸಾಲಿನ ಕಡೆಯೂ ಇಲ್ಲ. ಹೊರಡುವ ಮುಂಚೆ ನಿಯಮ ನೋಡಿಕೊಳ್ಳಿ.

ಇನ್ನೊಬ್ಬರು, ಊರಿಗೆ ವಾಪಸ್ ಹೋಗುವ ಯೋಚನೆಯಲ್ಲಿರುವ ಹುಡುಗಿ, ಕುದುರೆಮುಖಕ್ಕೋ ಕುಮಾರ ಪರ್ವತಕ್ಕೋ ತನ್ನ ನಾಯಿಯ ಜೊತೆ ಹತ್ತುವ ಆಸೆ ಇದೆ ಎಂದರು. ಆಸೆ ನನಗೆ ಅರ್ಥವಾಗುತ್ತದೆ. ಆದರೂ ಬೇಡ ಎಂದೆ. ಒಂದು ರಾಷ್ಟ್ರೀಯ ಉದ್ಯಾನ, ಇನ್ನೊಂದು ಪುಷ್ಪಗಿರಿ ಅಭಯಾರಣ್ಯದ ಒಳಗೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರದಲ್ಲಿ 20ಕ್ಕೂ ಹೆಚ್ಚು ಸಿಂಹ ಸತ್ತವು. ಅವುಗಳಲ್ಲಿ ಕೆಲವದರ ಮೈಯಲ್ಲಿ ಸಿಕ್ಕಿದ್ದು ಕೆನೈನ್ ಡಿಸ್ಟೆಂಪರ್ ವೈರಸ್. ಊರ ನಾಯಿಗಳಲ್ಲಿ ಇರುವ ರೋಗ ಅದು. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಅದೇ ರೋಗ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಕೊಂದಿತ್ತು. ನಮ್ಮ ಪಶ್ಚಿಮಘಟ್ಟದಲ್ಲಿ ಸೀಳುನಾಯಿಗಳಿವೆ, ಅವಕ್ಕೂ ಅದು ತಗಲುತ್ತದೆ. ನಮ್ಮ ನಾಯಿಗೆ ಲಸಿಕೆ ಹಾಕಿಸಿದ್ದೇವೆ ಎಂದುಕೊಂಡರೂ, ಆ ಕಾಡು ಅವುಗಳ ಮನೆ. ಊರಲ್ಲಿ ತೋಟದ ದಾರಿ, ಗೋಮಾಳ, ಕೆರೆ ಏರಿ, ಬೆಳಗಿನ ಜಾವ. ಕರಿಯನಿಗೆ ಅಷ್ಟೇ ಇದ್ದಿದ್ದು, ಅದು ಸುಖವಾಗಿತ್ತು.

ಬೆಲ್ಲನಿಗೆ ಈಗ ಹತ್ತು ತುಂಬಿದೆ. ಮುಖ ಬೆಳ್ಳಗಾಗಿದೆ. ಹೋದ ಬೇಸಿಗೆಯಿಂದ ಮೌಂಟ್ ಸೈ ಬಿಟ್ಟಿದ್ದೇವೆ. ಅದರ ಪಕ್ಕದಲ್ಲೇ ಲಿಟ್ಲ್ ಸೈ ಎಂಬ ಸಣ್ಣ ಗುಡ್ಡ ಇದೆ, ಸುಮಾರು 1,550 ಅಡಿ ಎತ್ತರ. ಮೊದಲ ಏರು ಮುಗಿದ ಮೇಲೆ ತಂಪು ಕಾಡಿನ ನಡುವೆ ಸಲೀಸು ದಾರಿ. ಅವಳು ಎಲ್ಲಿ ನಿಂತರೆ ಅಲ್ಲಿಂದ ವಾಪಸ್. ಬರುವ ಶನಿವಾರ ಆರು ಗಂಟೆಗೆ ಅಲ್ಲಿರುತ್ತೇವೆ. ಪಾರ್ಕಿಂಗ್ ಬೇಗ ತುಂಬುತ್ತದೆ, ಕಾರು ನಿಲ್ಲಿಸೋಕೆ ಬೇಕಾದ ರಾಜ್ಯದ ಪರವಾನಗಿ ಡಿಸ್ಕವರ್ ಪಾಸ್ ಮರೆಯಬೇಡಿ. ನಾಯಿ ಕರಕೊಂಡು ಬರುವವರು ಅದರ ನೀರು ಬೇರೆಯೇ ತನ್ನಿ. ಮೊಸರನ್ನ ನಾನು ತರುತ್ತೇನೆ.